ತೊಳೆಯಬಾರದಿದ್ದ ಬಾಟಲಿ

ನಾನು ಒಂದು ಬಾಟಲಿ ತೊಳೆದಿದ್ದೆ. ಮಾಡಿದ್ದು ಅಷ್ಟೇ. ಆದರೂ ಆ ವಾರ ಮಂಗಳವಾರದಿಂದ ಶುಕ್ರವಾರದವರೆಗೆ ಆ ಬಾಟಲಿ ನನ್ನ ತಲೆಯೊಳಗೆ ಉರುಳಾಡುತ್ತಲೇ ಇತ್ತು. ಮಗಳ ಬಾಯಿಗೆ ಚಮಚ ಹಿಡಿದಾಗ, ಒಗೆದ ಬಟ್ಟೆ ಹಿಂಡುವಾಗ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರನೇ ಸಲ ನೋಡಲು ಅಡುಗೆಮನೆಗೆ ಓಡಿದಾಗ, ಎಲ್ಲೆಲ್ಲೂ ಅದೇ. ಚಿಂತೆ ಮಾಡುವುದರಲ್ಲಿ ನಾನು ಪಳಗಿದವಳು. ಮಗಳು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ಯೋಚನೆ. ಆದರೆ ಅದುವರೆಗಿನ ನನ್ನ ಚಿಂತೆಗಳೆಲ್ಲ ಆಗದೇ ಇದ್ದುದರ ಬಗ್ಗೆ. ಇದು ಆಗಿಹೋದದ್ದು, ಅದೂ ನನ್ನ ಕೈಯಿಂದಲೇ.

ಆ ಒಂದು ಬಾಟಲಿಯಿಂದಾಗಿ ಹೊಲಸು ನೀರು ಶುದ್ಧವೆಂದು ಕಾಗದದ ಮೇಲೆ ಬಂದಿತ್ತು. ಶನಿವಾರ ಬೆಳಗ್ಗೆ ಕೆರೆಯ ಮೆಟ್ಟಿಲುಗಳನ್ನು ಮಕ್ಕಳ ಈಜಿಗೆ ಮತ್ತೆ ತೆರೆಯುವವರಿದ್ದರು. ಮೂವತ್ತೊಂದು ವರ್ಷ ಅದೇ ಕೆರೆಯ ನೀರು ನೋಡುತ್ತ ಬಂದ ಹೆಂಗಸೊಬ್ಬರು, ತಪ್ಪು ತಮ್ಮದೇ ಎಂದುಕೊಂಡು, ಕೆರೆಯ ಕೆಲಸ ಬಿಟ್ಟುಕೊಡುತ್ತೇನೆಂದು ಅರ್ಜಿ ಬರೆದಿಟ್ಟುಕೊಂಡಿದ್ದರು. ಅವರು ನನ್ನ ಗಂಡನ ಚಿಕ್ಕಮ್ಮ, ನನಗೆ ಚಿಕ್ಕತ್ತೆ. ಬಾಟಲಿಯ ಕಥೆ ಹೇಳಬೇಕಾದರೆ ಮೊದಲು ಅವರ ಕಥೆ ಹೇಳಬೇಕು.

ನಮ್ಮ ಊರಿನ ಬಸ್ ಡಿಪೋ ಹಿಂದೆ ಎರಡಂತಸ್ತಿನ ಹಳೆಯ ಕಟ್ಟಡವೊಂದಿದೆ. ಜಿಲ್ಲೆಯ ಕೆರೆ, ಹೊಳೆ, ಗಾಳಿ, ಅವುಗಳನ್ನು ನಂಬಿಕೊಂಡ ಪ್ರಾಣಿಪಕ್ಷಿಗಳ ಆರೋಗ್ಯ, ಇದನ್ನೆಲ್ಲ ಪರೀಕ್ಷಿಸಿ ಬರೆದಿಡುವ ಕಚೇರಿ ಅದು. ಕೆಳಗೆ ಲ್ಯಾಬ್, ಮೇಲೆ ಆಫೀಸರು ಮತ್ತು ಫೈಲುಗಳು. ಚಿಕ್ಕತ್ತೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಗೆ ಸೇರಿದ್ದು ಲ್ಯಾಬಿನ ಹಿಂದಿನ ಕೋಣೆಯಲ್ಲಿ ಬಾಟಲಿ ತೊಳೆಯಲು. ಕಲ್ಲಿನ ತೊಟ್ಟಿ, ಒಂದು ನಲ್ಲಿ, ಉದ್ದ ಹಿಡಿಯ ಬ್ರಷ್ಷು, ಕಿಟಕಿಯಿಲ್ಲದ ನಾಲ್ಕು ಗೋಡೆ. ಅಲ್ಲಿ ಎಂಟು ವರ್ಷ ಕಳೆದರು. ಕೆರೆಗೆ ಹೋಗಿ ನೀರು ತರುತ್ತಿದ್ದವನು ಒಂದು ದಿನ ಕಾಲು ಮುರಿದುಕೊಂಡ. ಬೇರೆ ಯಾರೂ ಸಿಗಲಿಲ್ಲವೆಂದು ಇವರನ್ನು ಕಳಿಸಿದರು. ಅವನ ರಬ್ಬರ್ ಬೂಟಿನ ತುದಿಗೆ ಹಳೇ ಬಟ್ಟೆ ತುರುಕಿಕೊಂಡು ಹೋದರಂತೆ. ಅವನ ಮೂಳೆ ಕೂಡಿಕೊಳ್ಳುವಷ್ಟರಲ್ಲಿ ಇವರು ಕೆರೆಯನ್ನು ಕಲಿತುಬಿಟ್ಟಿದ್ದರು. ಆಮೇಲೆ ಆ ತೊಟ್ಟಿಯ ಮುಂದೆ ನಿಲ್ಲುವ ಪ್ರಸಂಗ ಬರಲಿಲ್ಲ.

ಕೆಲಸ ಹೇಳಲು ಸುಲಭ. ದಿನಾ ಬೆಳಗ್ಗೆ ಏಳಕ್ಕೆ ಕೆರೆಯ ಸುತ್ತ ನಾಲ್ಕು ಜಾಗಗಳಲ್ಲಿ ನಿಂತು ನೀರಿನ ಬಣ್ಣ, ಬಿಸಿ, ವಾಸನೆ ಬರೆದುಕೊಳ್ಳಬೇಕು. ಹಕ್ಕಿಗಳನ್ನು ಎಣಿಸಬೇಕು. ಸತ್ತಿದ್ದರೆ ಕೈಗವಸು ಹಾಕಿಕೊಂಡು ಎತ್ತಿ, ಎರಡು ಚೀಲದಲ್ಲಿ ಕಟ್ಟಿ, ಚೀಟಿ ಅಂಟಿಸಿ ಕಚೇರಿಯ ಫ್ರೀಜರಿಗೆ ಹಾಕಬೇಕು. ತಿಂಗಳಿಗೊಮ್ಮೆ ಐಸ್ ಪೆಟ್ಟಿಗೆಯಲ್ಲಿ ಬಾಟಲಿ ಒಯ್ದು ನೀರು ತುಂಬಿ ಲ್ಯಾಬಿಗೆ ಕೊಡಬೇಕು. ಕಚೇರಿಯ ಫಾರಮ್ಮಿನಲ್ಲಿ 'ವಾಸನೆ' ಎಂಬ ಕಡೆ 'ಇದೆ', 'ಇಲ್ಲ' ಎಂದು ಎರಡೇ ಚೌಕ. ಚಿಕ್ಕತ್ತೆಗೆ ಅದು ಸಾಲದು. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ: 'ನೆನೆದ ಗೋಣಿಚೀಲ', 'ಮುಚ್ಚಿಟ್ಟ ಪೆಟ್ಟಿಗೆ', 'ನಿನ್ನೆಯ ಹೂದಾನಿ'. ಒಬ್ಬ ಆಫೀಸರು ಇದನ್ನು ನೋಡಿ, "ಏನಮ್ಮಾ, ಪದ್ಯ ಬರೀತಾ ಇದೀರಾ?" ಎಂದಿದ್ದರಂತೆ. "ಇಲ್ಲ ಸಾರ್, ವಾಸನೆ ಬರೀತಾ ಇದೀನಿ. ಪದ್ಯಕ್ಕೆ ನಿಮ್ಮ ಫಾರಮ್ಮಲ್ಲಿ ಜಾಗ ಎಲ್ಲಿದೆ?" ಎಂದು ಇವರು.

ಕೆರೆದಂಡೆಯ ಮಕ್ಕಳು ಅವರನ್ನು ಕರೆಯುವುದು 'ಬಾತುಕೋಳಿ ಡಾಕ್ಟ್ರು' ಎಂದು. ಸೊರಗಿದ ಬಾತುಕೋಳಿ ಕಂಡರೆ ಹಿಡಿದು, ಬಟ್ಟೆ ಚೀಲದಲ್ಲಿಟ್ಟು ತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಾರೆ, ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಾರೆ, ಅದಕ್ಕೆ ಆ ಹೆಸರು. ಆ ಚೀಲಗಳನ್ನು ಹೊಲಿಯುವವರು ಚಿಕ್ಕಮಾವ. ಅವರು ಟೈಲರು. "ನಲವತ್ತು ವರ್ಷದಲ್ಲಿ ತೋಳು ಬಿಗಿ ಆಯ್ತು, ಉದ್ದ ಕಮ್ಮಿ ಆಯ್ತು ಅಂತ ಜಗಳ ಕಾಯದೇ ಇರೋ ಗಿರಾಕಿ ಅಂದ್ರೆ ಇವಳ ಬಾತುಕೋಳಿಗಳು ಮಾತ್ರ" ಎನ್ನುತ್ತಾರೆ. ಹೊಸ ಗುಮಾಸ್ತನೊಬ್ಬ ತನ್ನ ಊಟದ ಡಬ್ಬಿಯನ್ನು ಆ ಫ್ರೀಜರಿನಲ್ಲಿಟ್ಟು, ಮಧ್ಯಾಹ್ನ ತೆಗೆಯಲು ಹೋಗಿ ಚೀಟಿ ಅಂಟಿಸಿದ ಕೊಕ್ಕರೆಯನ್ನು ಕಂಡ ಕಥೆಯನ್ನಂತೂ ಗಂಡ ಹೆಂಡತಿ ಸರದಿಯ ಮೇಲೆ ಹೇಳುತ್ತಾರೆ. ಅವನು ಇವತ್ತಿಗೂ ಡಬ್ಬಿ ತರುವುದಿಲ್ಲವಂತೆ.

ನಾನು ಈ ಊರಿಗೆ ಬಂದಾಗ ಏಳು ತಿಂಗಳ ಬಸುರಿ. ದೊಡ್ಡ ಶಹರಿನಲ್ಲಿ ಓದಿದವಳು, ಕೆರೆಯನ್ನು ಕ್ಯಾಲೆಂಡರಿನಲ್ಲಿ ಕಂಡವಳು. ಸತ್ತ ಹಕ್ಕಿ ಮುಟ್ಟುವ ಕೈ ನನ್ನ ಮಗುವನ್ನು ಮುಟ್ಟುತ್ತದಲ್ಲ ಎಂದು ಒಳಗೊಳಗೇ ಅಂಜಿದ್ದೆ. ಚಿಕ್ಕತ್ತೆ ಅದನ್ನು ನನ್ನ ಮುಖದಲ್ಲೇ ಓದಿರಬೇಕು. ನಮ್ಮ ಮನೆಗೆ ಬಂದವರು ಮೊದಲು ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ, ಉಗುರುಗಳ ಸಂದಿಯನ್ನೂ ಬಿಡದೆ ತೊಳೆದು, ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಹೊರಬರುತ್ತಿದ್ದರು. "ನೋಡ್ಕೋ, ಇನ್ಸ್‌ಪೆಕ್ಷನ್ ಮುಗಿಸು, ಆಮೇಲೆ ನಮ್ಮ ಪುಟ್ಟೀನ ಕೊಡು" ಎನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ನೋಡುತ್ತಲೂ ಇದ್ದೆ.

ಮಗಳ ಹಾಲಿನ ಬಾಟಲಿ ತೊಳೆಯುವುದನ್ನು ಹೇಳಿಕೊಟ್ಟವರೂ ಅವರೇ. ನಾನು ನಲ್ಲಿ ಪೂರ್ತಿ ಬಿಟ್ಟು, ಬಕೆಟ್ಟುಗಟ್ಟಲೆ ನೀರು ಸುರಿದು, ಆದರೂ ಸೋಪು ಉಳಿಯಿತೇನೋ ಎಂದು ಮೂಸುತ್ತ ನಿಂತಿದ್ದೆ. "ಅಯ್ಯೋ ತಾಯಿ, ಕೆರೆ ಖಾಲಿ ಆಗುತ್ತೆ! ಒಂದೇ ಸಲ ತುಂಬಾ ನೀರು ಬೇಡ. ಸ್ವಲ್ಪ ಸ್ವಲ್ಪ, ಮೂರು ಸಲ. ಪ್ರತಿ ಸಲ ಕುಲುಕಿ ಪೂರ್ತಿ ಚೆಲ್ಲು. ಮೂರನೇದಕ್ಕೆ ಏನೂ ಉಳಿಯಲ್ಲ. ಎಂಟು ವರ್ಷ ಇದನ್ನೇ ಮಾಡಿದೀನಿ ಕಣೇ, ಬಾಟ್ಲಿ ತೊಳೆಯೋದರಲ್ಲಿ ನಂಗೆ ಡಿಗ್ರಿ ಇದೆ." ಅಂದಿನಿಂದ ನಾನು ಮೂರು ಸಲ ಕುಲುಕಿ ಚೆಲ್ಲುವವಳಾದೆ. ಎಣಿಸುತ್ತಲೂ ಇದ್ದೆ, ಒಂದು, ಎರಡು, ಮೂರು. ಆ ವಿದ್ಯೆಯೇ ಮುಂದೆ ಮುಳುವಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮಗಳಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಕೆರೆಯಲ್ಲಿ ಬಾತುಕೋಳಿಗಳು ಸಾಯತೊಡಗಿದವು. ಎಲ್ಲವೂ ಒಂದೇ ಕಡೆ. ಊರಿನ ಚರಂಡಿ ನೀರನ್ನು ಶುದ್ಧ ಮಾಡಿ, ಕೊನೆಗೆ ಕ್ಲೋರಿನ್ ಬೆರೆಸಿ ಕೆರೆಗೆ ಬಿಡುವ ಘಟಕವೊಂದಿದೆ. ಅದರ ಪೈಪು ಕೆರೆ ಸೇರುವ ಮೂಲೆಯಲ್ಲಿ ಅವು ಕುತ್ತಿಗೆ ಎತ್ತಲಾಗದೆ, ತಲೆ ನೀರಿಗೆ ಇಳಿಬಿಟ್ಟುಕೊಂಡು ಮುಳುಗುತ್ತಿದ್ದವು. ಮೂರು ವಾರಕ್ಕೆ ಹದಿನೇಳು. ಆ ಪೈಪಿನಿಂದ ಇನ್ನೂರು ಹೆಜ್ಜೆ ದೂರದಲ್ಲೇ ಮಕ್ಕಳು ಈಜುವ ಮೆಟ್ಟಿಲು. ಚಿಕ್ಕತ್ತೆ ಆಫೀಸರ ಹಿಂದೆ ಬಿದ್ದು ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿಸಿದರು.

"ಪೈಪ್ ನೀರು ಸರಿ ಇಲ್ಲ" ಎಂದರು ಒಂದು ಸಂಜೆ, ನನ್ನ ಮಗಳ ಕಾಲಿಗೆ ಎಣ್ಣೆ ಹಚ್ಚುತ್ತ. "ಅರೆಬರೆ ಶುದ್ಧ ಮಾಡಿ ಬಿಡ್ತಾ ಇದಾರೆ. ಕೆಳಗೆ ಕೆಸರು ಕೊಳೀತಾ ಇದೆ. ಆ ಕೊಳೆತದ್ದರಲ್ಲಿ ಆಗೋ ಹುಳ ತಿಂದ ಬಾತುಕೋಳಿಗೆ ಕುತ್ತಿಗೆ ನಿಲ್ಲಲ್ಲ. ಹಿಂದೆ ಒಂದ್ಸಲ ಹೀಗೇ ಆಗಿತ್ತು."

"ಹಾಗಂತ ಹೇಳಿದ್ರಾ ಅವರಿಗೆ?"

"ಹೇಳಿದೆ. ಘಟಕದ ಮೇಸ್ತ್ರಿ, ನಿಮ್ಮ ಮೂಗಿನ ಮಾತಿಗೆ ಮೋಟ್ರು ಬಿಚ್ಚೋಕಾಗಲ್ಲ, ಕಾಗದ ತನ್ನಿ ಅಂದ. ಸರಿ ಕಣಪ್ಪ, ಬುಧವಾರ ನೀರು ತೆಗೀತೀನಿ, ಕಾಗದಾನೇ ಮಾತಾಡ್ಲಿ ಅಂದೆ."

ಆ ಬುಧವಾರದ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಮಗಳಿಗೆ ಜ್ವರ ಬಂತು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ನೂರ ಒಂದು, ನೂರ ಒಂದೂವರೆ, ಮತ್ತೆ ನೂರ ಒಂದು. ಥರ್ಮಾಮೀಟರನ್ನು ನಾನು ಎಷ್ಟು ಸಲ ಇಟ್ಟೆನೋ, ಅದಕ್ಕೇ ಜ್ವರ ಬಂದಿರಬೇಕು. ಐದು ಗಂಟೆಗೆ ಚಿಕ್ಕತ್ತೆಗೆ ಫೋನ್ ಮಾಡಿ ಅತ್ತುಬಿಟ್ಟೆ. "ಈಗಲೇ ಬನ್ನಿ. ರಾತ್ರಿ ಇಲ್ಲೇ ಇರಿ. ನಾಳೆ ಬೆಳಗ್ಗೆ ಇಲ್ಲಿಂದಲೇ ಕೆರೆಗೆ ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬಾಟ್ಲಿ ಬೆಳಗ್ಗೆ ಕಪಾಟಿಂದ ತೆಗೀಬೇಕು ಕಣೇ, ಮನೆಗೆ ತರೋ ಹಾಗಿಲ್ಲ..." ಎಂದರು. ನಾನು ಬಿಕ್ಕಿದೆ. ಅರ್ಧ ಗಂಟೆಯಲ್ಲಿ ಐಸ್ ಪೆಟ್ಟಿಗೆ ಹೊತ್ತುಕೊಂಡೇ ಬಂದರು. ಮೂವತ್ತೊಂದು ವರ್ಷದಲ್ಲಿ ಬಾಟಲಿಗಳು ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನನಗೋಸ್ಕರ.

ಅವರು ಕೋಣೆಯಲ್ಲಿ ಮಗಳ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಹಾಲಿನ ಬಾಟಲಿಗಳನ್ನು ಕುದಿಸುತ್ತಿದ್ದೆ. ಪಕ್ಕದಲ್ಲೇ ಐಸ್ ಪೆಟ್ಟಿಗೆ, ಮುಚ್ಚಳ ಅರ್ಧ ತೆರೆದಿತ್ತು. ಒಳಗೆ ನಾಲ್ಕು ಬಾಟಲಿ, ಕತ್ತಿಗೆ ಕಂದು ಕಾಗದ ಸುತ್ತಿ ದಾರ ಕಟ್ಟಿದ್ದವು. ಮೂರರ ದಾರ ಬಿಳಿ. ಒಂದರ ದಾರ ಕೆಂಪು. ಕೆಂಪು ದಾರದ ಬಾಟಲಿಯ ತಳದಲ್ಲಿ ಬಿಳಿಯ ಪುಡಿ, ಒಂದು ಚಿಟಿಕೆಯಷ್ಟು, ಅಂಟಿಕೊಂಡಂತೆ ಕಾಣಿಸಿತು.

ಸೋಪಿನ ಪುಡಿ ಎಂದುಕೊಂಡೆ. ಪಾಪ, ನನ್ನ ಅವಸರಕ್ಕೆ ಓಡಿ ಬಂದಿದ್ದಾರೆ, ಲ್ಯಾಬಿನವರು ಸರಿಯಾಗಿ ತೊಳೆಯದ್ದನ್ನು ಗಮನಿಸಿಲ್ಲ. ನಾಳೆಯ ಕಾಗದವೇ ಮಾತಾಡಬೇಕಾದದ್ದು, ಅದು ಹಾಳಾಗಬಾರದು. ದಾರ ಬಿಚ್ಚಿದೆ, ಕಾಗದ ತೆಗೆದೆ, ಬಿಸಿನೀರು ಹಾಕಿದೆ. ಕುಲುಕಿ ಚೆಲ್ಲಿದೆ. ಒಂದು, ಎರಡು, ಮೂರು. ಆಮೇಲೆ ಮಗಳ ಬಾಟಲಿಗಳ ಜೊತೆಗೇ ಹತ್ತು ನಿಮಿಷ ಕುದಿಸಿ, ಆರಿಸಿ, ಕಾಗದವನ್ನು ಅದೇ ಮಡಿಕೆಗೆ ಮಡಿಸಿ, ಕೆಂಪು ದಾರವನ್ನು ಅದೇ ಗಂಟಿಗೆ ಕಟ್ಟಿ ಇಟ್ಟೆ. ಹೇಳಲಿಲ್ಲ. ಹೇಳಿದರೆ ಅವರ ಕಣ್ತಪ್ಪನ್ನು ಎತ್ತಿ ಆಡಿದ ಹಾಗಾಗುತ್ತದೆ ಎಂದು. ನಿಜ ಹೇಳುತ್ತೇನೆ, ಆ ಸಂಜೆ ನನಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು.

ಬೆಳಗ್ಗೆ ಮಗಳ ಜ್ವರ ಇಳಿಯಿತು. ಚಿಕ್ಕತ್ತೆ ಕಣ್ಣುಜ್ಜಿಕೊಳ್ಳುತ್ತ ಪೆಟ್ಟಿಗೆ ಹೊತ್ತು ಹೋದರು. ಅವರ ಕನ್ನಡಕ ನಮ್ಮ ಕಿಟಕಿಯ ಕಟ್ಟೆಯ ಮೇಲೇ ಉಳಿದಿತ್ತು.

ಮುಂದಿನ ಸೋಮವಾರ ಕಾಗದ ಬಂತು. ಪೈಪಿನ ನೀರು ಶುದ್ಧ. ಮಂಗಳವಾರ ಸಂಜೆ ಚಿಕ್ಕತ್ತೆ, ಚಿಕ್ಕಮಾವ ಇಬ್ಬರೂ ನಮ್ಮ ಮನೆಗೆ ಬಂದರು. ಚಿಕ್ಕತ್ತೆ ಕೈ ತೊಳೆದು ಬಂದರು, ಆದರೆ ಇನ್ಸ್‌ಪೆಕ್ಷನ್ನಿಗೆ ಕರೆಯಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ಚಹಾ ಆರುತ್ತಿತ್ತು.

"ಮೇಸ್ತ್ರಿ ಇವತ್ತು ಎಲ್ಲರ ಮುಂದೆ ಕೇಳಿದ. ಏನ್ ಮೇಡಂ, ಮೂಗಿಗೆ ನೆಗಡೀನಾ ಅಂತ" ಎಂದರು ಚಿಕ್ಕಮಾವ.

"ಅವನು ಕೇಳಿದ್ದರಲ್ಲಿ ತಪ್ಪೇನಿದೆ ರೀ?" ಎಂದರು ಚಿಕ್ಕತ್ತೆ. "ಪೈಪ್ ಬಾಯಲ್ಲಿ ನಿಂತ್ರೆ ಕೊಳೆತ ವಾಸನೆ ಮೂಗಿಗೆ ಬಡೀತಿತ್ತು. ಹದಿನೇಳು ಬಾತುಕೋಳಿ ನನ್ನ ಕೈಯಲ್ಲೇ ಚೀಲ ಸೇರಿದ್ವು. ಕಾಗದ ನೋಡಿದ್ರೆ ಶುದ್ಧ ಅನ್ನುತ್ತೆ. ಬಾತುಕೋಳಿ ಸುಳ್ಳು ಹೇಳಲ್ಲ, ಲ್ಯಾಬ್ ಸುಳ್ಳು ಹೇಳಲ್ಲ. ಉಳಿದಿದ್ದು ಈ ಮೂಗು. ಬಾತುಕೋಳಿ ಬೇರೆ ಏನಕ್ಕೋ ಸತ್ತಿವೆ, ನಾನು ಪೈಪಿನ ತಲೆಗೆ ಕಟ್ಟಿದೆ."

"ಇನ್ನೊಂದು ಸಲ ನೀರು ತೆಗೀಬಹುದಲ್ವಾ?" ಎಂದೆ ನಾನು.

"ಕೇಳಿದೆ. ಕೈಯಲ್ಲಿ ಶುದ್ಧ ಅಂತ ಕಾಗದ ಇಟ್ಕೊಂಡು ಮತ್ಯಾಕೆ, ಮುಂದಿನ ತಿಂಗಳು ಹೇಗೂ ಇದೆ ಅಂದ್ರು ಆಫೀಸರು. ಅವರದ್ದೂ ಸರಿ." ಆಮೇಲೆ ಬೆರಳು ಮಡಿಸುತ್ತ ತಮ್ಮಷ್ಟಕ್ಕೇ ಲೆಕ್ಕ ಹಾಕತೊಡಗಿದರು. "ಪೈಪ್ ತುಂಬಿ ಹರೀತಿತ್ತು. ಬಾಟ್ಲಿ ಬಾಯಿ ಮೇಲ್ಮುಖ ಹಿಡಿದಿದ್ದೆ. ಬೆಳಗ್ಗೆ ತುಂಬಿದ ಐಸ್ ಕರಗಿರಲಿಲ್ಲ. ಬಾಟ್ಲಿ ತಳದಲ್ಲಿ ಔಷಧಿ ಇತ್ತು, ಹಿಂದಿನ ದಿನ ಕಪಾಟಿಂದ ತೆಗೀವಾಗ ಕಣ್ಣಾರೆ ನೋಡಿದ್ದೆ."

ನಾನು ಲೋಟ ಕೆಳಗಿಟ್ಟೆ. "ಯಾವ ಔಷಧಿ?"

"ಕೆಂಪು ದಾರದ ಬಾಟ್ಲೀಲಿ ಹಾಕಿರ್ತಾರೆ. ಬಿಳೀ ಪುಡಿ. ಪೈಪ್ ನೀರಲ್ಲಿ ಕ್ಲೋರಿನ್ ಇರುತ್ತಲ್ಲ, ಅದು ಬಾಟ್ಲಿ ಒಳಗೂ ಕ್ರಿಮಿ ಕೊಲ್ತಾನೇ ಇರುತ್ತೆ. ಲ್ಯಾಬ್ ಸೇರೋ ಹೊತ್ತಿಗೆ ಎಲ್ಲ ಸತ್ತು, ಎಂಥ ಹೊಲಸು ನೀರೂ ಕುಡಿಯೋ ನೀರಿನ ಹಾಗೆ ಕಾಣುತ್ತೆ. ಆ ಪುಡಿ ಕ್ಲೋರಿನ್ನಿನ ಕೈ ಕಟ್ಟಿಹಾಕುತ್ತೆ. ಕೆರೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಲ್ಯಾಬಿಗೆ ಹೋಗುತ್ತೆ. ತೊಳೆಯೋ ಕೋಣೇಲಿ ಹೊಸಬರಿಗೆ ನಾನು ಮೊದಲು ಹೇಳಿಕೊಡ್ತಿದ್ದದ್ದೇ ಅದು. ಎಲ್ಲಾನೂ ತೊಳೀರಿ, ಇದನ್ನ ಮಾತ್ರ ಮುಟ್ಟಬೇಡಿ ಅಂತ."

"ಮನೇಲಿ ಇಟ್ಟಿದ್ದಿರಲ್ಲ ಚಿಕ್ಕತ್ತೆ... ಏನಾದ್ರೂ..." ಎಂದೆ.

ಅವರು ಆ ಸಂಜೆ ಮೊದಲ ಸಲ ನಕ್ಕರು. "ನಿನ್ನ ಅಡುಗೆಮನೆ ಕಣೇ ಅದು! ಅದಕ್ಕಿಂತ ಚೊಕ್ಕ ಜಾಗ ಈ ಊರಲ್ಲಿ ಎಲ್ಲಿದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಒಲೆಯ ಮೇಲಿನ ಪಾತ್ರೆಯನ್ನು ನೋಡಿದೆ, ಅದನ್ನು ಕುದಿಸಿದ ಪಾತ್ರೆ. ಯಾರೂ ಗಮನಿಸಲಿಲ್ಲ. ಚಿಕ್ಕತ್ತೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ಚಿಕ್ಕಮಾವನಿಗೆ ಕೊಟ್ಟರು. "ಅಕ್ಷರ ತಪ್ಪಿದ್ಯಾ ನೋಡಿ." ಅವರು ಓದಿ ನನಗೆ ದಾಟಿಸಿದರು. 'ನನಗೆ ವಯಸ್ಸಾಗಿದ್ದು, ಕೆರೆಯ ಕೆಲಸದಲ್ಲಿ ನನ್ನ ಅಂದಾಜು ತಪ್ಪುತ್ತಿರುವುದರಿಂದ, ಉಳಿದ ಎರಡು ವರ್ಷ ನನ್ನನ್ನು ಬಾಟಲಿ ತೊಳೆಯುವ ಕೋಣೆಗೆ ಹಾಕಬೇಕೆಂದು ಕೋರುತ್ತೇನೆ.'

"ಆ ಕಿಟಕಿ ಇಲ್ಲದ ಕೋಣೆಗಾ?" ಎಂದೆ.

"ಕಿಟಕಿ ಯಾಕೆ? ಹೊರಗೆ ನೋಡಿ ತಪ್ಪು ಹೇಳೋದಕ್ಕಾ?" ಎಂದು ಅರ್ಜಿ ಮಡಿಸಿಟ್ಟುಕೊಂಡರು. "ಶುಕ್ರವಾರ ಸಂಜೆ ಕೊಡ್ತೀನಿ. ಅಷ್ಟೊತ್ತಿಗೆ ಈ ವಾರದ ಎಣಿಕೆ ಮುಗಿಯುತ್ತೆ. ಶನಿವಾರ ಹೇಗೂ ಮೆಟ್ಟಿಲು ಬಿಡ್ತಾರೆ."

ಅವರು ಹೋದ ಮೇಲೆ, ರಾತ್ರಿ ಮನೆಗೆ ಬಂದ ಗಂಡನಿಗೆ ಎಲ್ಲ ಹೇಳಿದೆ. ಚಿಕ್ಕಂದಿನಲ್ಲಿ ಇವರನ್ನು ಎತ್ತಿ ಆಡಿಸಿದವರು ಚಿಕ್ಕತ್ತೆಯೇ, ಇವರ ಮುಖವೂ ಸಣ್ಣದಾಯಿತು. ಆದರೆ ತಲೆ ಅಲ್ಲಾಡಿಸಿದರು.

"ನೀನು ಬಾಯಿ ಬಿಟ್ಟರೆ ಮೊದಲ ಪ್ರಶ್ನೆ ಯಾವುದು ಗೊತ್ತಾ? ಬಾಟ್ಲಿ ನಿಮ್ಮ ಮನೆಗೆ ಹೇಗೆ ಬಂತು ಅಂತ. ಕಪಾಟಿಂದ ನೇರ ಕೆರೆಗೆ ಹೋಗಬೇಕಾದದ್ದು. ಈಗ ಮೂಗು ತಪ್ಪು ಅಂತಾರೆ ಅಷ್ಟೇ. ಆಮೇಲೆ ನಿಯಮ ಮುರಿದೆ ಅಂತಾರೆ. ಯಾವುದು ವಾಸಿ?"

"ಮೆಟ್ಟಿಲಿಗೆ ಮಕ್ಕಳು ಇಳೀತಾರಲ್ರೀ."

"ವರ್ಷಗಟ್ಟಲೆ ಇಳಿದಿದಾರೆ."

"ಆಗ ಬಾತುಕೋಳಿ ಸಾಯ್ತಿರಲಿಲ್ಲ."

ಅವರು ಎದ್ದು ಮಗಳ ಹೊದಿಕೆ ಸರಿಮಾಡಿದರು. ನಾನು ಫೋನ್ ಎತ್ತಲಿಲ್ಲ. ಇದನ್ನು ಗಂಡನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಸುಲಭ. ಆದರೆ ನನ್ನದೇ ಒಂದು ಹುಳುಕು ಇತ್ತು. ಮನೆಯಲ್ಲಿ ಎಲ್ಲರೂ ನನ್ನ ತೊಳೆಯುವ ಹುಚ್ಚನ್ನು ಆಡಿಕೊಳ್ಳುತ್ತಿದ್ದರು. 'ಇವಳ ಕೈಗೆ ಸಿಕ್ಕರೆ ಸೋಪನ್ನೂ ತೊಳೀತಾಳೆ' ಎಂಬುದು ಗಂಡನ ಹಳೆಯ ಜೋಕು. ಚಿಕ್ಕತ್ತೆ ಒಬ್ಬರೇ ಅದನ್ನು ಗುಣವೆಂದು ಎಣಿಸಿದವರು. ಆ ಒಬ್ಬರ ಕಣ್ಣಿನಲ್ಲೂ ಕೆಳಗಿಳಿಯಲು ನನಗೆ ಧೈರ್ಯ ಸಾಲಲಿಲ್ಲ. ಬುಧವಾರ ಹೋಯಿತು. ಗುರುವಾರ ಅವರ ಕನ್ನಡಕ ಕೊಡುವ ನೆಪದಲ್ಲಿ ಮನೆಗೆ ಹೋದೆ. ಕನ್ನಡಕ ಕೊಟ್ಟೆ, ವಾಪಸ್ ಬಂದೆ. "ಅಯ್ಯೋ, ಇದಿಲ್ಲದೆ ಒಂದು ವಾರ ಹಳೇ ಜೋಡೀಲೇ ಕಣ್ಣು ಕಿರಿದು ಮಾಡ್ಕೊಂಡು ಕಳೆದೆ" ಎಂದರು. ಆ ಬುಧವಾರ ಬೆಳಗ್ಗೆ ಇದು ಅವರ ಮೂಗಿನ ಮೇಲಿದ್ದಿದ್ದರೆ ಬಾಟಲಿಯ ಬರಿದಾದ ತಳ ಕಾಣುತ್ತಿತ್ತೇನೋ. ಅದಕ್ಕೂ ಕಾರಣ ನಾನೇ.

ಶುಕ್ರವಾರ ಮಧ್ಯಾಹ್ನ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಕೆರೆಯ ಕಡೆ ಹೋದೆ. ಕಾವಲುಗಾರ ಮೆಟ್ಟಿಲಿನ ಹಗ್ಗ ಬಿಚ್ಚುತ್ತಿದ್ದ. ಮೂರು ವಾರದ ಬಿಸಿಲಿಗೆ ಗಂಟು ಗಟ್ಟಿಯಾಗಿತ್ತು, ಹಲ್ಲಿನಿಂದ ಎಳೆಯುತ್ತಿದ್ದ. ನಮ್ಮ ಬೀದಿಯ ಕೊನೆಯ ಮನೆಯವಳು, ಎರಡು ಮಕ್ಕಳ ತಾಯಿ, ಅಲ್ಲಿ ನಿಂತಿದ್ದಳು. ಅವಳ ಮಕ್ಕಳು ಆಗಲೇ ಈಜುವ ಟೋಪಿ ಹಾಕಿಕೊಂಡು ಕುಣಿಯುತ್ತಿದ್ದವು.

"ನಾಳೆಯಿಂದ ಬಿಡ್ತಾರಂತೆ ಕಣ್ರೀ! ನಿಮ್ಮ ಚಿಕ್ಕತ್ತೇನೇ ತೆಗೆದ ನೀರಂತಲ್ಲ? ಬಾತುಕೋಳಿ ಡಾಕ್ಟ್ರು ತೆಗೆದಿದ್ದು ಅಂದ್ಮೇಲೆ ಮುಗೀತು, ನಂಗೆ ಭಯ ಇಲ್ಲ. ನೀವೂ ಪುಟ್ಟೀನ ಕರ್ಕೊಂಡು ಬನ್ನಿ, ಸುಮ್ನೆ ಕಾಲು ಅದ್ದಿಸಿ."

ನಾನು ನಕ್ಕೆನೋ ಏನೋ ಗೊತ್ತಿಲ್ಲ. ತಳ್ಳುಗಾಡಿ ತಿರುಗಿಸಿದೆ. ಪೈಪಿನ ಮೂಲೆಯಲ್ಲಿ ಒಂದು ಬಾತುಕೋಳಿ ದಂಡೆಯ ಕಲ್ಲಿಗೆ ಒರಗಿ ಕುಳಿತಿತ್ತು. ಎರಡು ಸಲ ಕುತ್ತಿಗೆ ಎತ್ತಲು ನೋಡಿತು. ಮೂರನೇ ಸಲ ನೋಡಲಿಲ್ಲ. ತಲೆಯನ್ನು ತನ್ನ ಎದೆಯ ಮೇಲೇ ಇಟ್ಟುಕೊಂಡಿತು.

ಇವರೆಲ್ಲ ನಂಬಿರುವುದು ಕಾಗದವನ್ನಲ್ಲ, ಚಿಕ್ಕತ್ತೆಯ ಕೈಯನ್ನು. ಅವರ ಕೈ ತಪ್ಪಿರಲಿಲ್ಲ. ಅದನ್ನು ಹೇಳಬಲ್ಲವಳು ನಾನೊಬ್ಬಳೇ, ನಾನು ನಾಚಿಕೆ ಹೊದ್ದುಕೊಂಡು ಕುಳಿತಿದ್ದೆ. ನಿಯಮದ ವಿಚಾರ ಹೇಗೆ ನಿಭಾಯಿಸಬೇಕೋ ಅವರೇ ತೀರ್ಮಾನಿಸಲಿ. ಅವರಿಗೆ ಗೊತ್ತೇ ಇಲ್ಲದಂತೆ ಅವರ ಪರವಾಗಿ ತೀರ್ಮಾನಿಸಲು ನಾವು ಯಾರು?

ಬೆಂಚಿನ ಮೇಲೆ ಕುಳಿತೆ. ನಂಬರು ಒತ್ತಿ ಒಂದು ಸಲ ಕತ್ತರಿಸಿದೆ. ಎರಡನೇ ಸಲ ಒತ್ತಿ, ಮಗಳು ಅಳುತ್ತಾಳೇನೋ ಎಂದು ನೋಡಿದೆ. ಅವಳು ಅಳಲಿಲ್ಲ. ತನ್ನ ಕಾಲುಚೀಲ ಬಾಯಿಗೆ ಹಾಕಿಕೊಂಡು ಆರಾಮಾಗಿದ್ದಳು. ಅತ್ತ ಕಡೆ ಫೋನ್ ರಿಂಗಾಯಿತು.

"ಏನಮ್ಮಾ, ಕೂಸಿಗೆ ಮತ್ತೆ ಜ್ವರಾನಾ?" ಚಿಕ್ಕತ್ತೆಯ ದನಿ. ಹಿಂದೆ ಗಾಳಿ ಬೀಸುವ ಸದ್ದು.

"ಇಲ್ಲ. ಅವಳು ಚೆನ್ನಾಗಿದಾಳೆ. ಕೆರೆ ಮೆಟ್ಟಿಲ ಹತ್ರ ಇದೀವಿ. ಚಿಕ್ಕತ್ತೆ, ಅರ್ಜಿ ಕೊಟ್ರಾ?"

"ಇನ್ನೂ ಇಲ್ಲ. ಆಚೆ ದಡದಲ್ಲಿದೀನಿ, ಎಣಿಕೆ ಮುಗಿಸಿ ಹೋಗಬೇಕು. ಯಾಕೆ?"

"ಕೊಡಬೇಡಿ. ನಿಮ್ಮ ಮೂಗು ಸರಿ ಇದೆ. ಆ ಕೆಂಪು ದಾರದ ಬಾಟ್ಲಿ... ಮನೇಲಿದ್ದಾಗ ನಾನು ತೊಳೆದೆ. ಪುಡಿ ಕಂಡಿತು. ಸೋಪು ಅಂದ್ಕೊಂಡೆ."

ನಾನು ಕಣ್ಣು ಮುಚ್ಚಿಕೊಂಡೆ.

"ಪುಡಿ ಪೂರ್ತಿ ಹೋಯ್ತಾ?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಕೆಲಸದ ದನಿ ಅದು, ನಾನು ಅದುವರೆಗೆ ಕೇಳಿರದ್ದು.

"ಪೂರ್ತಿ."

"ಎಷ್ಟು ಸಲ ತೊಳೆದೆ?"

"ಮೂರು ಸಲ. ಸ್ವಲ್ಪ ಸ್ವಲ್ಪ ನೀರು. ಕುಲುಕಿ ಚೆಲ್ಲಿದೆ. ನೀವು ಹೇಳಿಕೊಟ್ಟ ಹಾಗೇ."

ಅತ್ತಲಿಂದ ಒಂದು ಸದ್ದು ಬಂತು. ಅಳುತ್ತಿದ್ದಾರೆಂದು ಗಾಬರಿಯಾದೆ. ಅವರು ನಗುತ್ತಿದ್ದರು. ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯೋ ನನ್ನ ತಾಯಿ! ಅಂಥಾ ಗುರುವಿಗೆ ಇಂಥಾ ಶಿಷ್ಯೆ..."

"ಬಾಟ್ಲಿ ಮನೆಗೆ ತಂದಿದ್ದು ಗೊತ್ತಾದ್ರೆ ನಿಮಗೆ ತೊಂದರೆ ಆಗುತ್ತೆ ಅಂತಾರೆ ಇವರು."

"ಆಗುತ್ತೆ. ಆಗ್ಲಿ. ತಂದಿದ್ದು ನಾನೇ ತಾನೆ? ಅದನ್ನ ನೀನು ಹೊರಬೇಡ, ನಿನಗೆ ಆಗಲೇ ಹೊರೆ ಸಾಕಷ್ಟಿದೆ." ಆಮೇಲೆ ದನಿ ಮತ್ತೆ ಕೆಲಸಕ್ಕೆ ತಿರುಗಿತು. "ಇವತ್ತೇ ಇನ್ನೊಂದು ಸಲ ನೀರು ತೆಗೆಸಬೇಕು. ಆ ಹಗ್ಗ ಬಿಚ್ಚಿದಾನಾ?"

"ಬಿಚ್ತಾ ಇದಾನೆ."

"ಹೋಗಿ, ಬಾತುಕೋಳಿ ಡಾಕ್ಟ್ರು ಬರೋವರೆಗೆ ಬಿಚ್ಚಬೇಡ ಅಂದ್ರಂತೆ ಅಂತ ಹೇಳು. ತಡಿ, ಅದಕ್ಕೆ ಮೊದಲು ಇದನ್ನ ಬರ್ಕೋತೀನಿ. ಪುಸ್ತಕ ಪೆಟ್ಟಿಗೇಲಿದೆ... ಇರ್ಲಿ, ಈ ಅರ್ಜಿ ಹಿಂದುಗಡೆ ಖಾಲಿ ಇದೆ." ಕಾಗದ ಬಿಡಿಸುವ ಸದ್ದು, ಪೆನ್ನಿನ ಮುಚ್ಚಳ ತೆಗೆಯುವ ಸದ್ದು. "ಹ್ಞೂಂ, ಮೊದಲಿಂದ ಹೇಳು. ಯಾವತ್ತು, ಎಷ್ಟು ಗಂಟೆಗೆ, ಯಾವ ನೀರಲ್ಲಿ. ಏನೂ ಬಿಡಬೇಡ."

"ಹೋದ ವಾರ ಮಂಗಳವಾರ, ಸಂಜೆ ಆರೂವರೆ" ಎಂದೆ ನಾನು. "ನಲ್ಲಿ ನೀರು, ಬಿಸಿ ಮಾಡಿದ್ದು..."